ಟೆಕ್ನೀಷಿಯಂ ಬತ್ತಿಹೋದ 15 ತಿಂಗಳು

ಆಸ್ಪತ್ರೆಯಲ್ಲಿ ಔಷಧಿ ಇಲ್ಲ, ಹಾಸಿಗೆ ಇಲ್ಲ, ರಕ್ತ ಇಲ್ಲ ಅನ್ನೋ ಸುದ್ದಿ ನಮಗೆ ಹೊಸದೇನಲ್ಲ. ಆದರೆ ಹೀಗೊಂದು ಸಂದರ್ಭ ಊಹಿಸಿಕೊಳ್ಳಿ. ಡಾಕ್ಟರ್ ಇದ್ದಾರೆ, ಹಾಸಿಗೆ ಇದೆ, ಕೋಟಿಗಟ್ಟಲೆ ಬೆಲೆಯ ಯಂತ್ರವೂ ಇದೆ. ರೋಗ ಏನು, ಎಲ್ಲಿದೆ ಅಂತ ಪತ್ತೆ ಮಾಡೋಕೆ ಬೇಕಾದ ಒಂದು ಸಣ್ಣ ಸೀಸೆ ಮಾತ್ರ ಬಂದಿಲ್ಲ. ದುಡ್ಡು ಕೊಡ್ತೀವಿ ಅಂದ್ರೂ ಸಿಗಲ್ಲ. ಯಾಕಂದ್ರೆ ಅದನ್ನು ಮಾಡೋ ಜಾಗವೇ ನಿಂತುಹೋಗಿದೆ. 2009ರ ಮೇ ತಿಂಗಳಿಂದ 2010ರ ಆಗಸ್ಟ್ ತನಕ ಕೆನಡಾ, ಅಮೆರಿಕ, ಯುರೋಪಿನ ಎಷ್ಟೋ ಆಸ್ಪತ್ರೆಗಳಲ್ಲಿ ಆದದ್ದು ಇದೇ.

ನಾನು ಡಾಕ್ಟರೂ ಅಲ್ಲ, ಅಣುವಿಜ್ಞಾನಿಯೂ ಅಲ್ಲ. ಇಂಜಿನಿಯರಿಂಗ್ ಓದಿ, ಸರ್ವರ್‌ಗಳು ಬೀಳದಂತೆ ನೋಡಿಕೊಳ್ಳೋ ಕೆಲಸ ಮಾಡೋನು. ಬಿದ್ದ ವ್ಯವಸ್ಥೆಗಳ ಕಥೆ ಓದೋದು ಒಂಥರಾ ಚಟ. ಹಾಗೆ ಓದ್ತಾ ಓದ್ತಾ ಸಿಕ್ಕ ಇತಿಹಾಸ ಇದು. ಸ್ವಲ್ಪ ಉದ್ದ ಇದೆ, ಕಾಫಿ ಇಟ್ಕೊಂಡೇ ಕೂತ್ಕೊಳ್ಳಿ :)

ಆಸ್ಪತ್ರೆಯಲ್ಲೊಂದು ಹಸು

ಮೊದಲು ಆ ಸೀಸೆಯಲ್ಲಿರೋದು ಏನು ಅಂತ ಹೇಳ್ತೀನಿ. ಅದರ ಹೆಸರು ಟೆಕ್ನೀಷಿಯಂ-99ಎಂ. ಮೆಂಡಲೀವ್ ಕೋಷ್ಟಕದಲ್ಲಿ 43ನೇ ಮನೆ ಬಹಳ ಕಾಲ ಖಾಲಿಯಾಗಿತ್ತು. 1937ರಲ್ಲಿ ಇಟಲಿಯ ಪಲೆರ್ಮೋದಲ್ಲಿ ಎಮಿಲಿಯೋ ಸೆಗ್ರೆ ಮತ್ತು ಕಾರ್ಲೋ ಪೆರಿಯೆ ಅನ್ನೋ ಇಬ್ಬರು ಅದನ್ನು ತುಂಬಿದರು. ಅಮೆರಿಕದ ಬರ್ಕ್ಲಿಯ ಸೈಕ್ಲೋಟ್ರಾನ್ ಯಂತ್ರದಲ್ಲಿ ಬಳಸಿ ಬಿಸಾಕಬೇಕಿದ್ದ ಮಾಲಿಬ್ಡಿನಂ ತಗಡೊಂದನ್ನು ತರಿಸಿಕೊಂಡು, ಅದರೊಳಗಿಂದ ಈ ಧಾತುವನ್ನು ಹುಡುಕಿ ತೆಗೆದರು. ಮನುಷ್ಯ ಕೃತಕವಾಗಿ ಮಾಡಿದ ಮೊದಲ ಧಾತು. ಹೆಸರಿನ ಅರ್ಥವೂ ಅದೇ, ಗ್ರೀಕ್ ಭಾಷೆಯಲ್ಲಿ "ಕೃತಕ".

ಎಕ್ಸ್-ರೇಯಲ್ಲಿ ಹೊರಗಿನಿಂದ ಕಿರಣ ಹಾಯಿಸಿ ಒಳಗಿನ ನೆರಳು ನೋಡ್ತಾರೆ. ಇಲ್ಲಿ ಉಲ್ಟಾ. ದೀಪವನ್ನೇ ದೇಹದೊಳಗೆ ಕಳಿಸ್ತಾರೆ. ಟೆಕ್ನೀಷಿಯಂ ಅನ್ನು ಒಂದು ರಾಸಾಯನಿಕಕ್ಕೆ ಕಟ್ಟಿ ಚುಚ್ಚಿದರೆ ಮೂಳೆಗೆ ಹೋಗುತ್ತೆ, ಇನ್ನೊಂದಕ್ಕೆ ಕಟ್ಟಿದರೆ ಹೃದಯದ ಸ್ನಾಯುವಿಗೆ, ಮತ್ತೊಂದಕ್ಕೆ ಕಟ್ಟಿದರೆ ಮೂತ್ರಪಿಂಡಕ್ಕೆ. ಅಲ್ಲಿಂದ ಅದು ಸೂಸೋ ಗಾಮಾ ಕಿರಣಗಳನ್ನು ಹೊರಗಿರೋ ಕ್ಯಾಮೆರಾ ಹಿಡಿಯುತ್ತೆ. ಕ್ಯಾನ್ಸರ್ ಮೂಳೆಗೆ ಹರಡಿದೆಯಾ, ಹೃದಯದ ಯಾವ ಭಾಗಕ್ಕೆ ರಕ್ತ ಹೋಗ್ತಿಲ್ಲ ಅನ್ನೋದು ಹೀಗೆ ಗೊತ್ತಾಗುತ್ತೆ. ಅರ್ಧಾಯುಷ್ಯ 6 ಗಂಟೆ. ಅಂದ್ರೆ ಪ್ರತಿ 6 ಗಂಟೆಗೆ ಅರ್ಧರ್ಧ ಆಗ್ತಾ, ಒಂದು ದಿನದಲ್ಲಿ ಹದಿನಾರನೇ ಒಂದು ಭಾಗಕ್ಕೆ ಇಳಿಯುತ್ತೆ. ರೋಗಿಗೆ ಇದು ಒಳ್ಳೆಯದು. ಕೆಲಸ ಮುಗಿಸಿ ತಾನಾಗಿ ಜಾಗ ಖಾಲಿ ಮಾಡೋ ನೆಂಟ.

ಆದರೆ 6 ಗಂಟೆಗೆ ಅರ್ಧವಾಗೋ ಸಾಮಾನನ್ನು ಸಾವಿರಾರು ಕಿಲೋಮೀಟರ್ ದೂರ ಕಳಿಸೋದು ಹೇಗೆ? ಇದಕ್ಕೆ ಉಪಾಯ ಸಿಕ್ಕಿದ್ದು 1950ರ ದಶಕದ ಕೊನೆಯಲ್ಲಿ, ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ. ವಾಲ್ಟರ್ ಟಕರ್ ಮತ್ತು ಮಾರ್ಗರೆಟ್ ಗ್ರೀನ್ ಒಂದು ಪೆಟ್ಟಿಗೆ ಮಾಡಿದರು. ಅದರೊಳಗೆ ಟೆಕ್ನೀಷಿಯಂನ ತಾಯಿ ಧಾತು ಮಾಲಿಬ್ಡಿನಂ-99 ಇರುತ್ತೆ. ಇದರ ಅರ್ಧಾಯುಷ್ಯ 66 ಗಂಟೆ. ತಾಯಿ ನಿಧಾನಕ್ಕೆ ಕರಗ್ತಾ ಮಗುವನ್ನು ಹುಟ್ಟಿಸ್ತಾ ಇರುತ್ತೆ. ಬೆಳಗ್ಗೆ ಆಸ್ಪತ್ರೆಯಲ್ಲಿ ಆ ಪೆಟ್ಟಿಗೆಯೊಳಗೆ ಉಪ್ಪುನೀರು ಹಾಯಿಸಿದರೆ ಟೆಕ್ನೀಷಿಯಂ ಮಾತ್ರ ಕೆಳಗೆ ಇಳಿದು ಬರುತ್ತೆ. ಸುಮಾರು ಒಂದು ದಿನದಲ್ಲಿ ಮತ್ತೆ ತುಂಬಿಕೊಳ್ಳುತ್ತೆ. ಬೆಳಗ್ಗೆ ಕರೆದ ಹಸು ಮಾರನೇ ದಿನ ಮತ್ತೆ ಕೆಚ್ಚಲು ತುಂಬಿಸಿಕೊಂಡು ನಿಂತ ಹಾಗೆ! ಅಲ್ಲಿನವರೂ ಇದಕ್ಕೆ ಹಸು ಅಂತಲೇ ಅಡ್ಡಹೆಸರಿಟ್ಟರು, ಹಾಲು ಕರೆಯೋದು ಅಂತಲೇ ಹೇಳ್ತಾರೆ.

ತಮಾಷೆ ಏನಂದ್ರೆ, ಇದಕ್ಕೆ ದೊಡ್ಡ ಮಾರುಕಟ್ಟೆ ಇರೋ ಹಾಗೆ ಕಾಣಲ್ಲ ಅಂತ ಆಗ ಪೇಟೆಂಟ್ ಕೂಡ ಮಾಡಿಸಲಿಲ್ಲ. 2009ರ ಹೊತ್ತಿಗೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 3 ಕೋಟಿ ಪರೀಕ್ಷೆಗಳು ಈ ಹಾಲಿನಿಂದಲೇ ನಡೀತಾ ಇದ್ದವು.

ಐದು ಮುದಿ ರಿಯಾಕ್ಟರ್‌ಗಳು

ಹಸು ಅಂದಮೇಲೆ ಮೇವು ಎಲ್ಲಿಂದ? ಅಣು ರಿಯಾಕ್ಟರಿನಿಂದ. ಯುರೇನಿಯಂ ತುಂಡುಗಳನ್ನು ಸುಮಾರು ಒಂದು ವಾರ ರಿಯಾಕ್ಟರಿನಲ್ಲಿಟ್ಟು ತೆಗೆದು, ಅದರೊಳಗೆ ಹುಟ್ಟಿದ ಮಾಲಿಬ್ಡಿನಂ ಬೇರೆ ಮಾಡಿ, ಪೆಟ್ಟಿಗೆಗೆ ತುಂಬಿ, ವಿಮಾನ ಲಾರಿ ಹತ್ತಿಸಿ ಆಸ್ಪತ್ರೆಗೆ ಮುಟ್ಟಿಸಬೇಕು. ದಾರಿಯುದ್ದಕ್ಕೂ ಗಂಟೆಗೆ ಸುಮಾರು 1% ಮಾಯ. ಒಂದು ವಾರ ಕಳೆದರೆ ಉಳಿಯೋದು 17% ಮಾತ್ರ. ಆದ್ದರಿಂದ ಕಷ್ಟಕಾಲಕ್ಕೆ ಅಂತ ಗೋಡೌನಿನಲ್ಲಿ ಕೂಡಿಡೋ ಮಾತೇ ಇಲ್ಲ. ಅಕ್ಕಿ ಬೇಳೆ ಥರ ಅಲ್ಲ, ಹಾಲಿನ ಥರ. ಇವತ್ತಿನದು ಇವತ್ತಿಗೆ.

ಇಷ್ಟು ನಾಜೂಕಿನ ಸಾಮಾನು ಜಗತ್ತಿನ ಎಷ್ಟು ಕಡೆ ತಯಾರಾಗ್ತಿತ್ತು? ಹೆಚ್ಚುಕಡಿಮೆ ಐದು ಕಡೆ. ಕೆನಡಾದ ಚಾಕ್ ರಿವರ್‌ನಲ್ಲಿದ್ದ ಎನ್‌ಆರ್‌ಯು ರಿಯಾಕ್ಟರ್ (1957), ನೆದರ್ಲೆಂಡ್ಸಿನ ಪೆಟ್ಟೆನ್‌ನಲ್ಲಿರೋದು (1961), ಬೆಲ್ಜಿಯಂನದು (1961), ದಕ್ಷಿಣ ಆಫ್ರಿಕದ್ದು (1965), ಫ್ರಾನ್ಸಿನದು (1966). ಎಲ್ಲವೂ 40 ದಾಟಿದವು. ಚಾಕ್ ರಿವರ್ ಮತ್ತು ಪೆಟ್ಟೆನ್ ಎರಡೇ ಸೇರಿ ಜಗತ್ತಿನ ಬಹುಪಾಲು ಬೇಡಿಕೆ ಪೂರೈಸ್ತಿದ್ದವು. ಜಗತ್ತಿನ ಸುಮಾರು ಅರ್ಧದಷ್ಟು ಟೆಕ್ನೀಷಿಯಂ ಬಳಸ್ತಿದ್ದ ಅಮೆರಿಕ ತಾನು ಒಂದು ಚೂರೂ ಮಾಡ್ತಿರಲಿಲ್ಲ.

ಆಸ್ಪತ್ರೆಗೆ ಇದು ಕಾಣೋದಿಲ್ಲ ನೋಡಿ. ಆಸ್ಪತ್ರೆಯ ಕಣ್ಣಿಗೆ ಕಾಣೋದು ಪೆಟ್ಟಿಗೆ ಮಾರೋ ಬೇರೆಬೇರೆ ಕಂಪನಿಗಳು, ಬೇರೆಬೇರೆ ಲಾರಿಗಳು. ನಾನು ಹಿಂದೆ ಕೆಲಸ ಮಾಡ್ತಿದ್ದ ಒಂದು ಆಫೀಸಿನಲ್ಲಿ ಇಂಟರ್ನೆಟ್ಟಿಗೆ ಎರಡು ಕಂಪನಿಗಳಿಂದ ಎರಡು ಲೈನ್ ತಗೊಂಡಿದ್ದರು, ಒಂದು ಹೋದ್ರೆ ಇನ್ನೊಂದು ಇರುತ್ತೆ ಅಂತ. ರಸ್ತೆ ಅಗೆಯೋಕೆ ಬಂದ ಒಂದು ಜೆಸಿಬಿ ಒಂದೇ ಏಟಿಗೆ ಎರಡನ್ನೂ ಕತ್ತರಿಸಿ ಹೋಯ್ತು. ಎರಡೂ ಕೇಬಲ್ ಒಂದೇ ಗುಂಡಿಯಲ್ಲಿ ಮಲಗಿದ್ದವು! ಬಿಲ್ ನೋಡಿದ್ರೆ ಎರಡು, ನೆಲ ಅಗೆದು ನೋಡಿದ್ರೆ ಒಂದು. ಟೆಕ್ನೀಷಿಯಂ ಕಥೆಯೂ ಇಷ್ಟೇ.

ಹಾಗಂತ ಯಾರೂ ಯೋಚನೆ ಮಾಡಿರಲಿಲ್ಲ ಅಂತಲ್ಲ. ಎನ್‌ಆರ್‌ಯು ಮುದಿಯಾಗ್ತಿದೆ ಅಂತ ಕೆನಡಾ ಮೇಪಲ್ ಅನ್ನೋ ಹೆಸರಿನ ಎರಡು ಹೊಸ ರಿಯಾಕ್ಟರ್ ಕಟ್ಟಿತ್ತು. 2000ದಲ್ಲಿ ಮೊದಲನೆಯದು ಶುರುವೂ ಆಯ್ತು. ಆದರೆ ಶಕ್ತಿ ಹೆಚ್ಚಿಸಿದಾಗ ರಿಯಾಕ್ಟರ್ ತಾನಾಗಿ ತಣ್ಣಗಾಗಬೇಕು ಅಂತ ಲೆಕ್ಕ ಹೇಳಿದ್ರೆ, ಅಳತೆ ಮಾಡಿದಾಗ ಅದರ ಉಲ್ಟಾ ಬಂತು. ಮೈನಸ್ ಬರಬೇಕಾದ ಕಡೆ ಪ್ಲಸ್. ಯಾಕೆ ಅಂತ ವರ್ಷಗಟ್ಟಲೆ ಹುಡುಕಿದರೂ ತೃಪ್ತಿಕರ ಉತ್ತರ ಸಿಗಲಿಲ್ಲ. 2008ರ ಮೇ ತಿಂಗಳಲ್ಲಿ ಆ ಯೋಜನೆಯನ್ನೇ ಕೈಬಿಟ್ಟರು. ಅಲ್ಲಿಗೆ ಮುದುಕನೇ ಗತಿ.

ಸುರಕ್ಷತೆಯೋ, ರೋಗಿಯೋ?

ಮೇಪಲ್ ಕೈಬಿಡೋ ಮೊದಲೇ ಒಂದು ಎಚ್ಚರಿಕೆ ಸಿಕ್ಕಿತ್ತು. 2007ರ ನವೆಂಬರ್ 18ರಂದು ಎನ್‌ಆರ್‌ಯು ಅನ್ನು ಮಾಮೂಲಿ ರಿಪೇರಿಗೆ ನಿಲ್ಲಿಸಿದಾಗ, ಎರಡು ಕೂಲಿಂಗ್ ಪಂಪುಗಳಿಗೆ ಭೂಕಂಪ ತಡೆಯಬಲ್ಲ ತುರ್ತು ವಿದ್ಯುತ್ ಸಂಪರ್ಕವನ್ನೇ ಕೊಟ್ಟಿಲ್ಲ ಅನ್ನೋದು ಬೆಳಕಿಗೆ ಬಂತು. ಲೈಸೆನ್ಸಿನ ಷರತ್ತೇ ಅದು. ಸಂಪರ್ಕ ಕೊಡೋ ತನಕ ಶುರು ಮಾಡುವಂತಿಲ್ಲ ಅಂತ ಕೆನಡಾದ ಅಣುಸುರಕ್ಷತಾ ಆಯೋಗ ಪಟ್ಟು ಹಿಡಿಯಿತು. ಅತ್ತ ಆಸ್ಪತ್ರೆಗಳಲ್ಲಿ ಪರೀಕ್ಷೆಗಳು ರದ್ದಾಗತೊಡಗಿದವು.

ಡಿಸೆಂಬರ್ 11ರಂದು ಕೆನಡಾದ ಸಂಸತ್ತಿನ ಕೆಳಮನೆ, ಮಾರನೇ ದಿನ ಸೆನೆಟ್, ಆಯೋಗದ ಮಾತನ್ನು ಬದಿಗಿಟ್ಟು 120 ದಿನ ರಿಯಾಕ್ಟರ್ ನಡೆಸಬಹುದು ಅಂತ ಕಾನೂನು ಮಾಡಿಬಿಟ್ಟವು. ಆಡಳಿತ ಪಕ್ಷ, ವಿರೋಧ ಪಕ್ಷ ಎಲ್ಲ ಒಂದಾಗಿ. 16ಕ್ಕೆ ರಿಯಾಕ್ಟರ್ ಶುರುವಾಯ್ತು. ಒಂದು ತಿಂಗಳ ನಂತರ, 2008ರ ಜನವರಿ 15ರ ರಾತ್ರಿ, ಆಯೋಗದ ಅಧ್ಯಕ್ಷೆ ಲಿಂಡಾ ಕೀನ್ ಅವರನ್ನು ಆ ಹುದ್ದೆಯಿಂದ ತೆಗೆದುಹಾಕಿದರು.

ಇಲ್ಲಿ ನಾನು ಸ್ವಲ್ಪ ಹೊತ್ತು ನಿಂತೆ. ಸಂಸದರದ್ದು ತಪ್ಪು ಅಂತ ಸುಲಭವಾಗಿ ಹೇಳೋಕಾಗಲ್ಲ. ಒಂದು ಕಡೆ ಬರಬಹುದಾದ, ಬರದೇನೂ ಇರಬಹುದಾದ ಭೂಕಂಪ. ಇನ್ನೊಂದು ಕಡೆ ಇವತ್ತು ಎದೆ ಹಿಡ್ಕೊಂಡು ಕೂತಿರೋ ಮನುಷ್ಯ. ಆದರೆ ಆ ಸಂದಿಗ್ಧ ತಾನಾಗಿ ಬಂದದ್ದಲ್ಲ. ಬೇರೆ ದಾರಿಯೇ ಇಲ್ಲದ ಹಾಗೆ ವ್ಯವಸ್ಥೆ ಕಟ್ಟಿದ್ದರಿಂದ, ನಿಯಮ ಕಾಯೋ ಅಧಿಕಾರಿ ರೋಗಿಗಳ ವೈರಿಯ ಥರ ಕಾಣೋ ಪರಿಸ್ಥಿತಿ ಬಂತು.

ಚಾಕ್ ರಿವರ್ ನಿಂತಾಗ

2009ರ ಮೇ 14ರಂದು ಪೂರ್ವ ಕೆನಡಾದ ಕೆಲವು ಕಡೆ ಕರೆಂಟು ಹೋಯ್ತು. ಎನ್‌ಆರ್‌ಯು ನಿಂತಿತು. ಮಾರನೇ ದಿನ ನೋಡಿದರೆ ಗಂಟೆಗೆ ಸುಮಾರು 5 ಕಿಲೋ ಭಾರಜಲ ಸೋರ್ತಾ ಇದೆ. ರಿಯಾಕ್ಟರಿನ ಅಲ್ಯೂಮಿನಿಯಂ ಪಾತ್ರೆಯ ಗೋಡೆ ತುಕ್ಕು ಹಿಡಿದು ತೂತಾಗಿತ್ತು. ಮನುಷ್ಯ ಒಳಗೆ ಇಳಿಯುವಂತಿಲ್ಲ. ಮೇಲಿನ ಸಣ್ಣ ಕಿಂಡಿಗಳಿಂದ ಉದ್ದುದ್ದ ಸಲಕರಣೆ ಇಳಿಸಿ ತೇಪೆ ಹಾಕಬೇಕು. ಮೊದಮೊದಲು ಒಂದು ತಿಂಗಳ ಮೇಲಾಗಬಹುದು ಅಂದರು. ಆಮೇಲೆ ಮೂರು ತಿಂಗಳು. ಕೊನೆಗೆ ಮತ್ತೆ ಶುರುವಾದದ್ದು 2010ರ ಆಗಸ್ಟ್ 17ಕ್ಕೆ. ಹದಿನೈದು ತಿಂಗಳು!

ಸಾಲದ್ದಕ್ಕೆ, 2010ರ ಫೆಬ್ರವರಿಯಲ್ಲಿ ಪೆಟ್ಟೆನ್ ಕೂಡ ದೊಡ್ಡ ರಿಪೇರಿಗೆ ನಿಂತಿತು. ಅದರ ಪೈಪುಗಳು ಸವೆದಿದ್ದು ಮೊದಲೇ ಗೊತ್ತಾಗಿ, ಹೇಗೋ ತಳ್ಳಿಕೊಂಡು ಬಂದಿದ್ದರು. ಇನ್ನು ತಳ್ಳೋಕಾಗಲ್ಲ ಅನ್ನೋ ಸ್ಥಿತಿ. ಎರಡು ದೊಡ್ಡಣ್ಣಗಳೂ ಒಟ್ಟಿಗೆ ಮಲಗಿದವು. ಏಪ್ರಿಲ್‌ನಲ್ಲಿ ಐಸ್‌ಲ್ಯಾಂಡಿನ ಜ್ವಾಲಾಮುಖಿ ಬೂದಿ ಉಗುಳಿ ಯುರೋಪಿನ ವಿಮಾನಗಳೆಲ್ಲ ನಿಂತಾಗ, ಉಳಿದ ಚೂರುಪಾರು ಸಾಗಿಸೋದೂ ಕಷ್ಟವಾಯ್ತು. ಬರಗಾಲದಲ್ಲಿ ಅಧಿಕಮಾಸ ಅನ್ನೋದು ಇದಕ್ಕೇ.

ಆಸ್ಪತ್ರೆಗಳು ಮಾಡಿದ್ದೇನು?

ನನಗೆ ಎಲ್ಲಕ್ಕಿಂತ ಹಿಡಿಸಿದ ಭಾಗ ಇದು. ದೊಡ್ಡದೇನೂ ಅಲ್ಲ, ಬಡತನದಲ್ಲಿ ಮನೆ ನಡೆಸೋ ತಾಯಂದಿರ ಬುದ್ಧಿ.

ಮೊದಲನೆಯದು, ಕರೆಯೋ ಹೊತ್ತು ಬದಲಿಸಿದರು. ಹಸು ಪೂರ್ತಿ ತುಂಬೋಕೆ ಒಂದು ದಿನ ಬೇಕಾದರೂ, 6 ಗಂಟೆಯಲ್ಲೇ ಸುಮಾರು ಅರ್ಧ ತುಂಬಿರುತ್ತೆ. ಬೆಳಗ್ಗೆ ಒಂದು ಸಲ, ಮಧ್ಯಾಹ್ನ ಇನ್ನೊಂದು ಸಲ ಕರೆದರು. ಪೆಟ್ಟಿಗೆ ಬಂದ ದಿನವೇ ಆದಷ್ಟು ರೋಗಿಗಳನ್ನು ಕರೆಸಿದರು. ಪೆಟ್ಟಿಗೆ ಶುಕ್ರವಾರ ಸಂಜೆ ಬಂದರೆ ಶನಿವಾರ ಭಾನುವಾರ ಕೆಲಸ. ಸೋಮವಾರದ ತನಕ ಬಿಟ್ಟರೆ ಅರ್ಧ ಗಾಳಿಗೆ ಹೋಗಿರುತ್ತಲ್ಲ! ವಾರದ ರಜೆ ಯಾವತ್ತು ಅನ್ನೋದನ್ನು ಮಾಲಿಬ್ಡಿನಂ ನಿರ್ಧರಿಸಿತು.

ಎರಡನೆಯದು, ಡೋಸ್ ಕಡಿಮೆ ಮಾಡಿ ಹೆಚ್ಚು ಹೊತ್ತು ಫೋಟೋ ತೆಗೆದರು. ಮಂದ ಬೆಳಕಿನಲ್ಲಿ ಕ್ಯಾಮೆರಾ ಶಟರ್ ಜಾಸ್ತಿ ಹೊತ್ತು ತೆರೆದಿಡ್ತೀವಲ್ಲ, ಹಾಗೆ. ಇಲ್ಲಿ ನಮ್ಮ ಜಾತಿಯವರ ಪಾಲೂ ಇದೆ ಅನ್ನೋದು ಖುಷಿ :) ಕಡಿಮೆ ಕಿರಣಗಳಿಂದಲೂ ಸ್ಪಷ್ಟ ಚಿತ್ರ ಕಟ್ಟೋ ಸಾಫ್ಟ್‌ವೇರ್‌ಗಳು ಆಗಷ್ಟೇ ಬಂದಿದ್ದವು. ಅರ್ಧ ಡೋಸ್‌ನಲ್ಲಿ ಕೆಲಸ ಆಗುತ್ತೆ ಅಂತ ಕಾಗದದ ಮೇಲೆ ಗೊತ್ತಿದ್ದದ್ದನ್ನು ಬಳಸಿ ನೋಡೋ ಅನಿವಾರ್ಯತೆಯನ್ನು ಕೊರತೆ ತಂದುಕೊಟ್ಟಿತು.

ಮೂರನೆಯದು, ಅರ್ಧ ಪರೀಕ್ಷೆ. ಹೃದಯದ ಪರೀಕ್ಷೆಯಲ್ಲಿ ಮಾಮೂಲಾಗಿ ಎರಡು ಚಿತ್ರ ತೆಗೀತಾರೆ. ಒಂದು ವಿಶ್ರಾಂತಿಯಲ್ಲಿದ್ದಾಗ, ಇನ್ನೊಂದು ಓಡಿಸಿ ಹೃದಯಕ್ಕೆ ಶ್ರಮ ಕೊಟ್ಟಾಗ. ಆದರೆ ಶ್ರಮದ ಚಿತ್ರವನ್ನೇ ಮೊದಲು ತೆಗೆದು, ಅದು ಸರಿಯಾಗಿದ್ದರೆ ಎರಡನೆಯದು ಯಾಕೆ ಬೇಕು? ಈ ಪ್ರಶ್ನೆ ಹಳೆಯದೇ. ಮಾಲು ಸಲೀಸಾಗಿ ಸಿಗ್ತಿದ್ದಾಗ ಹೆಚ್ಚಿನವರು ತಲೆಕೆಡಿಸಿಕೊಂಡಿರಲಿಲ್ಲ. ಈಗ ಕೆಲವು ಕಡೆ ಒಂದೇ ಚಿತ್ರಕ್ಕೆ ಇಳಿದರು. ರೋಗಿಗೆ ವಿಕಿರಣವೂ ಕಮ್ಮಿ, ಸಮಯವೂ ಕಮ್ಮಿ.

ನಾಲ್ಕನೆಯದು, ಅಟ್ಟದ ಮೇಲಿಟ್ಟಿದ್ದ ಹಳೆ ಪಾತ್ರೆ ಕೆಳಗಿಳಿಸಿದರು. ಟೆಕ್ನೀಷಿಯಂ ಬರೋ ಮುಂಚೆ ಹೃದಯಕ್ಕೆ ಥ್ಯಾಲಿಯಂ-201 ಬಳಸ್ತಿದ್ದರು. ಇದು ಸೈಕ್ಲೋಟ್ರಾನ್‌ನಲ್ಲಿ ತಯಾರಾಗೋದು, ಆ ಐದು ರಿಯಾಕ್ಟರ್‌ಗಳ ಹಂಗಿಲ್ಲ. ಆದರೆ ಚಿತ್ರ ಅಷ್ಟು ನಿಚ್ಚಳವಲ್ಲ, ಅರ್ಧಾಯುಷ್ಯ 73 ಗಂಟೆ ಆದ್ದರಿಂದ ರೋಗಿಯ ಮೈಗೆ ವಿಕಿರಣ ಜಾಸ್ತಿ. ಮೂಳೆಗೆ ಫ್ಲೋರಿನ್-18 ಇರೋ ಸೋಡಿಯಂ ಫ್ಲೋರೈಡ್ ಮತ್ತೆ ಬಂತು. 1960ರ ದಶಕದಲ್ಲಿ ಬಳಕೆಗೆ ಬಂದು ಮೂಲೆ ಸೇರಿದ್ದದ್ದು. ಈಗ ಪೆಟ್ ಸ್ಕ್ಯಾನರ್‌ಗಳಲ್ಲಿ ಮೊದಲಿಗಿಂತ ಚೆನ್ನಾದ ಚಿತ್ರವನ್ನೇ ಕೊಟ್ಟಿತು. ಆದರೆ ಪೆಟ್ ಸ್ಕ್ಯಾನರ್ ಇರೋದು ದೊಡ್ಡ ಊರಿನ ದೊಡ್ಡ ಆಸ್ಪತ್ರೆಗಳಲ್ಲಿ. ಸಣ್ಣ ಊರಿನ ರೋಗಿಗೆ "ನೂರಾರು ಮೈಲಿ ಹೋಗಿ ಬನ್ನಿ" ಅಥವಾ "ಕಾಯಿರಿ" ಅನ್ನೋದೇ ಉತ್ತರ.

ಐದನೆಯದು, ಎಲ್ಲಕ್ಕಿಂತ ಕಷ್ಟದ್ದು. ಸರದಿ. ಯಾರಿಗೆ ಮೊದಲು? ಬೇರೆ ಪರೀಕ್ಷೆಯಿಂದ ಕೆಲಸ ನಡೆಯುವವರನ್ನು ಎಕೋ, ಸಿಟಿ, ಎಂಆರ್‌ಐ ಕಡೆ ಕಳಿಸಿದರು. ಬದಲಿಯೇ ಇಲ್ಲದವರಿಗೆ ಟೆಕ್ನೀಷಿಯಂ ಉಳಿಸಿದರು. ಉದಾಹರಣೆಗೆ ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಲ್ಲಿ ರೋಗ ಮೊದಲು ಹರಡೋ ಗ್ರಂಥಿಯನ್ನು ಗುರುತಿಸೋದಕ್ಕೆ, ಹೆಚ್ಚು ವಿಕಿರಣದ ಬದಲಿ ಕೊಡಬಾರದ ಮಕ್ಕಳಿಗೆ. ತುರ್ತು ಇಲ್ಲದವರಿಗೆ ತಾರೀಖು ಮುಂದಕ್ಕೆ ಹೋಯ್ತು. ಕಾಗದದ ಮೇಲೆ "ತುರ್ತು ಇಲ್ಲ" ಅಂತ ಬರೆಯೋದು ಸುಲಭ. ಕ್ಯಾನ್ಸರ್ ಮೂಳೆಗೆ ಇಳಿದಿದೆಯೋ ಇಲ್ಲವೋ ಅಂತ ಗೊತ್ತಿಲ್ಲದೆ ಇನ್ನೊಂದು ವಾರ ರಾತ್ರಿ ಕಳೆಯೋರಿಗೆ ಆ ಪದದ ಅರ್ಥ ಬೇರೆ.

ತ್ರಾಂಬೆಯ ಬಡವರ ಹಸು

ಅಂದ ಹಾಗೆ, ಚಾಕ್ ರಿವರ್ ನಮಗೆ ದೂರದ ಸಂಬಂಧಿ. ಮುಂಬೈಯ ತ್ರಾಂಬೆಯಲ್ಲಿ 1960ರಲ್ಲಿ ಶುರುವಾದ ಸೈರಸ್ ರಿಯಾಕ್ಟರ್ ಕಟ್ಟಿದ್ದು ಕೆನಡಾದ ನೆರವಿನಿಂದ, ಚಾಕ್ ರಿವರ್‌ನ ಎನ್‌ಆರ್‌ಎಕ್ಸ್ ಅನ್ನೋ ರಿಯಾಕ್ಟರಿನ ಮಾದರಿಯಲ್ಲಿ. 1974ರ ಪೋಖ್ರಾನ್ ಪರೀಕ್ಷೆಯ ನಂತರ ಕೆನಡಾ ಆ ನೆಂಟಸ್ತಿಕೆ ಕಡಿದುಕೊಂಡಿತು.

ಯುರೇನಿಯಂ ಒಡೆದು ಮಾಲಿಬ್ಡಿನಂ ತೆಗೆಯೋ ದುಬಾರಿ ದಾರಿಯ ಬದಲು ತ್ರಾಂಬೆಯವರು ಮಾಮೂಲಿ ಮಾಲಿಬ್ಡಿನಂ ಅನ್ನೇ ರಿಯಾಕ್ಟರಿನಲ್ಲಿಟ್ಟು ವಿಕಿರಣಶೀಲ ಮಾಡಿದರು. ಇದರಲ್ಲಿ ಸತ್ವ ಕಮ್ಮಿ, ಉಪ್ಪುನೀರಿನ ಸಣ್ಣ ಪೆಟ್ಟಿಗೆಗೆ ಆಗಲ್ಲ. ಒಂದು ಸಾವಯವ ದ್ರಾವಕದಿಂದ ಟೆಕ್ನೀಷಿಯಂ ಅನ್ನು ಬಿಡಿಸಿ, ದ್ರಾವಕವನ್ನು ಆವಿ ಮಾಡಿ ತೆಗೆಯಬೇಕು. ಕೈಕೆಲಸ ಜಾಸ್ತಿ. ಆದರೂ ದಶಕಗಳ ಕಾಲ ನಮ್ಮ ಎಷ್ಟೋ ಆಸ್ಪತ್ರೆಗಳ ತಂತ್ರಜ್ಞರು ಹೀಗೇ ದಿನಾ ಬೆಳಗ್ಗೆ ಹಾಲು ಕರೆದಿದ್ದಾರೆ. ಅಲ್ಲಿ 15 ತಿಂಗಳ ಮಟ್ಟಿಗೆ ಬಂದ ಕೊರತೆ, ಇಲ್ಲಿ ಬದುಕಿನ ರೀತಿಯೇ ಆಗಿತ್ತು.

ಯಾರೂ ಯಾಕೆ ಆರನೆಯದನ್ನು ಕಟ್ಟಲಿಲ್ಲ?

ಉತ್ತರ ದುಡ್ಡಿನಲ್ಲಿದೆ. ಆ ರಿಯಾಕ್ಟರ್‌ಗಳೆಲ್ಲ ಸಂಶೋಧನೆಗೆ ಅಂತ ಸರ್ಕಾರಗಳು ಕಟ್ಟಿಸಿದ್ದು. ಕಟ್ಟಿದ ಖರ್ಚು ಆಗಲೇ ತೀರಿತ್ತು, ಮಾಲಿಬ್ಡಿನಂ ಅನ್ನೋದು ಪಕ್ಕದ ವ್ಯಾಪಾರ. ಹಾಗಾಗಿ ಕವಡೆ ಕಾಸಿಗೆ ಮಾರ್ತಿದ್ದರು. ಕೊರತೆಯ ನಂತರ ಶ್ರೀಮಂತ ದೇಶಗಳ ಸಂಘಟನೆಯ ಅಣುಶಕ್ತಿ ವಿಭಾಗ ಲೆಕ್ಕ ಹಾಕಿದಾಗ, ಒಂದು ಪರೀಕ್ಷೆಗೆ ಆಗೋ ಒಟ್ಟು ಖರ್ಚಿನಲ್ಲಿ ರಿಯಾಕ್ಟರಿಗೆ ಹೋಗ್ತಿದ್ದ ಪಾಲು 1%ಕ್ಕಿಂತ ಎಷ್ಟೋ ಕಡಿಮೆ ಇತ್ತು. ಈ ಬೆಲೆಗೆ ಹೊಸ ರಿಯಾಕ್ಟರ್ ಯಾರು ಕಟ್ಟುತ್ತಾರೆ ಹೇಳಿ? ರಿಯಾಕ್ಟರಿನ ನಿಜವಾದ ಖರ್ಚನ್ನು ಬೆಲೆಯಲ್ಲಿ ಸೇರಿಸಿ, ಸುಮ್ಮನೆ ಕೂತಿರೋ ಬದಲಿ ಸಾಮರ್ಥ್ಯಕ್ಕೂ ದುಡ್ಡು ಕೊಡಿ ಅಂತ ಅವರು ಶಿಫಾರಸು ಮಾಡಿದರು. ನಮ್ಮ ಭಾಷೆಯಲ್ಲಿ ಹೇಳೋದಾದರೆ, ಖಾಲಿ ಕೂತಿರೋ ಸ್ಟ್ಯಾಂಡ್‌ಬೈ ಸರ್ವರ್‌ಗೆ ಬಾಡಿಗೆ. ಬಜೆಟ್ ಮೀಟಿಂಗ್‌ನಲ್ಲಿ ಯಾವಾಗಲೂ ಮೊದಲು ಕತ್ತರಿ ಬೀಳೋದು ಅದಕ್ಕೇ.

ಆಮೇಲೆ ಕೆಲವು ಒಳ್ಳೆಯದೂ ಆಯ್ತು. ಕೊರತೆಯ ನಡುವೆಯೇ, 2010ರಲ್ಲಿ, ಪೋಲೆಂಡಿನ ಮರಿಯಾ ರಿಯಾಕ್ಟರ್ ಸಹಾಯಕ್ಕೆ ಬಂತು. ಆಸ್ಟ್ರೇಲಿಯಾ ತನ್ನ ಉತ್ಪಾದನೆ ಹೆಚ್ಚಿಸಿತು. 2018ರ ಮಾರ್ಚ್ 31ರಂದು ಎನ್‌ಆರ್‌ಯು ಶಾಶ್ವತವಾಗಿ ಮುಚ್ಚಿದಾಗ ದೊಡ್ಡ ಹಾಹಾಕಾರವೇನೂ ಆಗಲಿಲ್ಲ. ಆದರೆ 2024ರ ಅಕ್ಟೋಬರ್‌ನಲ್ಲಿ ಪೆಟ್ಟೆನ್‌ನ ಅದೇ 1961ರ ರಿಯಾಕ್ಟರಿನ ಒಂದು ಪೈಪಿನಲ್ಲಿ ದೋಷ ಕಂಡು ಶುರು ಮಾಡೋದು ತಡವಾದಾಗ, ಬ್ರಿಟನ್ ಮತ್ತು ಯುರೋಪಿನ ಆಸ್ಪತ್ರೆಗಳು ಮತ್ತೆ ಸರದಿ ಪಟ್ಟಿ ಹಿಡಿದು ಕೂತವು.

ಟೆಕ್ನೀಷಿಯಂ ಒಂದೇ ಅಲ್ಲ. 2022ರಲ್ಲಿ ಶಾಂಘೈ ಲಾಕ್‌ಡೌನ್‌ನಿಂದ ಅಲ್ಲಿನ ಒಂದು ಕಾರ್ಖಾನೆ ಕುಂಟಿದಾಗ ಅಮೆರಿಕದಲ್ಲಿ ಸಿಟಿ ಸ್ಕ್ಯಾನಿಗೆ ಚುಚ್ಚೋ ದ್ರವ ಸಿಗದೆ ಒದ್ದಾಡಿದರು. 2024ರ ಬೇಸಿಗೆಯಲ್ಲಿ, ರಕ್ತದಲ್ಲಿ ಬ್ಯಾಕ್ಟೀರಿಯಾ ಇದೆಯಾ ಅಂತ ಬೆಳೆಸಿ ನೋಡೋ ಬಾಟಲಿಗಳೇ ಅಲ್ಲಿ ಕೊರತೆಯಾದವು. ಕಾರಣ, ಪ್ಲಾಸ್ಟಿಕ್ ಬಾಟಲಿ ಪೂರೈಸೋರ ಕಡೆಯ ತೊಂದರೆ. ಎರಡೂ ಸಲ ಆಸ್ಪತ್ರೆಗಳು ಮಾಡಿದ್ದು ಅದೇ. ಅನಗತ್ಯ ಪರೀಕ್ಷೆ ಬಿಡು, ಇರೋದನ್ನು ಹಂಚಿಕೋ, ಬದಲಿ ಹುಡುಕು, ಸರದಿ ಮಾಡು.

ಇದನ್ನೆಲ್ಲ ಓದಿದ ಮೇಲೆ ನನಗನ್ನಿಸಿದ್ದು ಇಷ್ಟು. ಆಸ್ಪತ್ರೆಯವರು ಕೊರತೆಯನ್ನು ಎಷ್ಟು ಚೆನ್ನಾಗಿ ನಿಭಾಯಿಸ್ತಾರೋ, ಹೊರಗಿನವರು ಅದನ್ನು ಅಷ್ಟೇ ಬೇಗ ಮರೀತಾರೆ. ಭಾನುವಾರ ಬಂದು ಹಾಲು ಕರೆದ ತಂತ್ರಜ್ಞರ ಶ್ರಮ, ವಾರಗಟ್ಟಲೆ ಕಾದ ರೋಗಿಯ ಆತಂಕ ಯಾವ ಲೆಕ್ಕದ ಪುಸ್ತಕಕ್ಕೂ ಏರಲ್ಲ. ಏರದ್ದರಿಂದ, "ಹೇಗೋ ನಡೀತಲ್ಲ!" ಅಂತ ಆರನೇ ರಿಯಾಕ್ಟರಿನ ಫೈಲು ಮತ್ತೆ ಕೆಳಗೆ ಹೋಗುತ್ತೆ. ಕೊರತೆ ಬಂದಾಗ ಕಲಿತ ಅರ್ಧ ಡೋಸ್, ಅರ್ಧ ಪರೀಕ್ಷೆಯ ಪಾಠಗಳನ್ನು ಉಳಿಸಿಕೊಳ್ಳೋದು ಒಳ್ಳೆಯದೇ. ಆದರೆ ಕೊರತೆ ಯಾಕೆ ಬಂತು ಅನ್ನೋ ಪಾಠದ ಬದಲಿಗೆ ಅದನ್ನು ಇಟ್ಟುಕೊಳ್ಳಬಾರದು.

ನಿಮ್ಮಲ್ಲಿ ಯಾರಾದರೂ ಆಸ್ಪತ್ರೆಯ ಲ್ಯಾಬಿನಲ್ಲೋ ಸ್ಕ್ಯಾನಿಂಗ್ ವಿಭಾಗದಲ್ಲೋ ಇದ್ದರೆ ಖಂಡಿತ ಬರೀರಿ. ಸಾಮಾನು ಬಾರದ ದಿನ ನಿಮ್ಮಲ್ಲಿ ಸರದಿ ನಿರ್ಧರಿಸೋದು ಯಾರು? ರೋಗಿಗೆ ಅದನ್ನು ಹೇಳೋದು ಯಾರು? ನನಗೆ ನಿಜಕ್ಕೂ ತಿಳ್ಕೋಬೇಕು ಅಂತಿದೆ.